ಹಿಮ ಬಿದ್ದ ಮೇಲೆ ಹೇಳುವ ಕತೆಗಳು: ಕೆನಡಾದ ಮೂಲನಿವಾಸಿಗಳ ಹೊಸ ನಾಟಕ

ಒಬ್ಬ ಹೆಂಗಸು ಮನೆಯ ಸೂರಿನ ಮೇಲೆ ಕೂತು ಮೊಳೆ ಹೊಡೆಯುತ್ತಿದ್ದಾಳೆ. ಹೆಸರು ಪೆಲಾಜಿಯಾ. ವಯಸ್ಸು ಐವತ್ತು ದಾಟಿದೆ. ಈ ಊರು ಸಾಕಾಗಿದೆ, ರಸ್ತೆಗೆ ಟಾರಿಲ್ಲ, ಟೊರಾಂಟೊಗೆ ಹೋಗಿಬಿಡಬೇಕು ಅನ್ನುತ್ತಾಳೆ. ಅಷ್ಟರಲ್ಲಿ ಸುದ್ದಿ ಬರುತ್ತದೆ. ಜಗತ್ತಿನಲ್ಲೇ ಅತಿ ದೊಡ್ಡ ಬಿಂಗೋ ಆಟ ಟೊರಾಂಟೊದಲ್ಲಿ ನಡೆಯುತ್ತದಂತೆ. ಬಿಂಗೋ ಅಂದರೆ ನಮ್ಮ ಕ್ಲಬ್ಬುಗಳಲ್ಲಿ ನಂಬರ್ ಕೂಗಿ ಆಡುವ ಹೌಸಿ. ಅಕ್ಕತಂಗಿಯರು, ನಾದಿನಿಯರು, ಒಬ್ಬ ಸಾಕುಮಗಳು ಎಲ್ಲ ಸೇರಿ ಏಳು ಜನ. ಅಷ್ಟೂ ಮಂದಿ ಹೇಗೋ ದುಡ್ಡು ಹೊಂದಿಸಿಕೊಂಡು ವ್ಯಾನ್ ಹತ್ತಿ ಹೊರಡುತ್ತಾರೆ.

1986ರ ನವೆಂಬರಿನಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಆಡಿದ 'ದಿ ರೆಜ್ ಸಿಸ್ಟರ್ಸ್' ನಾಟಕದ ಕತೆ ಇದು. ಬರೆದವರು ಕ್ರೀ ಜನಾಂಗದ ಟಾಮ್ಸನ್ ಹೈವೇ. 'ರೆಜ್' ಅಂದರೆ ರಿಸರ್ವ್. ಮೂಲನಿವಾಸಿಗಳಿಗೆಂದು ಸರ್ಕಾರ ಗುರುತು ಹಾಕಿಕೊಟ್ಟ ನೆಲ.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಸಾಂಸಾರಿಕ ನಾಟಕ ಆಗುತ್ತಿತ್ತು. ಆದರೆ ಆ ಏಳು ಜನರಲ್ಲಿ ಮರಿ-ಅಡೆಲ್ ಅನ್ನುವವಳೊಬ್ಬಳಿದ್ದಾಳೆ. ಹದಿನಾಲ್ಕು ಮಕ್ಕಳ ತಾಯಿ. ಕ್ಯಾನ್ಸರ್ ಬಂದಿದೆ. ಅವಳ ಅಂಗಳಕ್ಕೆ ಒಂದು ಬಿಳಿ ಕಡಲಹಕ್ಕಿ ಬರುತ್ತದೆ. ರಂಗದ ಮೇಲೆ ಆ ಹಕ್ಕಿ ಒಬ್ಬ ನರ್ತಕ. ಉಳಿದ ಹೆಂಗಸರಿಗೆ ಅದು ಸುಮ್ನೆ ಒಂದು ಹಕ್ಕಿ. ಮರಿ-ಅಡೆಲ್‌ಗೂ, ಬುದ್ಧಿ ಬಲಿಯದ ಹುಡುಗಿ ಝಬೂನಿಗನ್‌ಗೂ ಮಾತ್ರ ಅದು ಬೇರೆ ಯಾರೋ ಎಂದು ಗೊತ್ತಾಗುತ್ತದೆ. ದಾರಿಯಲ್ಲಿ ರಾತ್ರಿ ವ್ಯಾನಿನ ಟೈರ್ ಪಂಕ್ಚರ್ ಆದಾಗ ಅದು ಕಪ್ಪು ಇರುಳುಹಕ್ಕಿಯಾಗಿ ಬರುತ್ತದೆ. ಕೊನೆಗೆ ಬಿಂಗೋ ನಂಬರ್ ಕೂಗುವವನ ವೇಷದಲ್ಲಿ ಬರುತ್ತದೆ. ಆಟದ ನಡುವೆಯೇ ಮರಿ-ಅಡೆಲ್ ಕೈ ಹಿಡಿದು, ಕುಣಿಯುತ್ತ ಕುಣಿಯುತ್ತ ಅವಳನ್ನು ಸಾವಿನ ಆಚೆಗೆ ಕರೆದುಕೊಂಡು ಹೋಗುತ್ತದೆ.

ಆ ಹಕ್ಕಿಯ ಹೆಸರು ನಾನಬುಷ್. ಕೆನಡಾದ ಮೂಲನಿವಾಸಿಗಳ ಹೊಸ ನಾಟಕ ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ಈ ಹಕ್ಕಿಯ ಬೆನ್ನು ಹತ್ತಬೇಕು.

ಕೆನಡಾದಲ್ಲಿ 600ಕ್ಕೂ ಹೆಚ್ಚು ಫಸ್ಟ್ ನೇಷನ್ ಸಮುದಾಯಗಳಿವೆ. ಅವರ ಜೊತೆಗೆ ಉತ್ತರ ಧ್ರುವದ ಕಡೆಯ ಇನುಇಟ್ ಜನ, ಮೂಲನಿವಾಸಿ ಮತ್ತು ಯುರೋಪಿಯನ್ ಬೆರೆತ ವಂಶದ ಮೆಟಿ ಜನ ಇದ್ದಾರೆ. ಒಟ್ಟು ಎಪ್ಪತ್ತರಷ್ಟು ಭಾಷೆಗಳು. ಎಲ್ಲರ ಕತೆಯೂ ಒಂದೇ ಅಲ್ಲ. ಆದರೂ ಬಹಳಷ್ಟು ಕಡೆ ಒಬ್ಬ ಪುಂಡ, ಬುದ್ಧಿವಂತ, ಪೆದ್ದ, ರೂಪ ಬದಲಿಸುವ ಪಾತ್ರ ಇದೆ. ಒಜಿಬ್ವೆ ಜನರಿಗೆ ನಾನಬುಷ್. ಕ್ರೀ ಜನರಿಗೆ ವೀಸಾಗೇಚಾಕ್. ಪಶ್ಚಿಮ ಕರಾವಳಿಯ ಹೈಡಾ ಜನರಿಗೆ ಕಾಗೆಯ ಜಾತಿಯ ರೇವನ್. ಒಳನಾಡಿನ ಹಲವರಿಗೆ ತೋಳದ ಹತ್ತಿರದ ನೆಂಟ ಕಯೋಟಿ. ಇವರು ಜಗತ್ತನ್ನು ರೂಪಿಸುತ್ತಾರೆ. ಹಾಗೆಯೇ ಹಸಿವು ತಾಳಲಾರದೆ ಮಾಡಬಾರದ್ದು ಮಾಡಿ ಪೆಟ್ಟು ತಿನ್ನುತ್ತಾರೆ. ನಗಿಸುತ್ತಾರೆ. ನಗುವಾಗಲೇ ಕೇಳುವವರಿಗೆ ಒಂದು ಪಾಠ ದಾಟಿರುತ್ತದೆ.

ಇನ್ನೊಂದು ವಿಷಯ ನಾವು ಕನ್ನಡದವರು ಬೇಗ ಹಿಡಿಯಬಹುದಾದದ್ದು. ಕ್ರೀ ಭಾಷೆಯಲ್ಲಿ 'ಅವನು', 'ಅವಳು' ಎಂಬ ಬೇರೆ ಬೇರೆ ಸರ್ವನಾಮ ಇಲ್ಲ. ಗಂಡಾದರೂ ಹೆಣ್ಣಾದರೂ ಒಂದೇ ಪದ. ನಮ್ಮ 'ಅವರು' ಇದ್ದ ಹಾಗೆ. ಆ ಭಾಷೆ ಲೋಕವನ್ನು ಬೇರೆ ರೀತಿಯಲ್ಲಿ ಎರಡು ಭಾಗ ಮಾಡುತ್ತದೆ: ಜೀವ ಇರುವುದು, ಜೀವ ಇಲ್ಲದ್ದು. ನಮ್ಮ ವ್ಯಾಕರಣದಲ್ಲಿ ನಾಯಿಯೂ 'ಅದು', ಕಲ್ಲೂ 'ಅದು', ಮನುಷ್ಯರು ಮಾತ್ರ ಬೇರೆ. ಕ್ರೀ ವ್ಯಾಕರಣದಲ್ಲಿ ನಾಯಿ ಮನುಷ್ಯರ ಪಂಕ್ತಿಯಲ್ಲೇ ಕೂರುತ್ತದೆ. ಕಲ್ಲು ಕೂಡ ಅದೇ ಪಂಕ್ತಿ. ಹಾಗಾಗಿ ನಾನಬುಷ್ ಇಂದು ಗಂಡು, ನಾಳೆ ಹೆಣ್ಣು, ಆಮೇಲೆ ಹಕ್ಕಿ ಆಗುವುದು ಆ ಭಾಷೆಯವರಿಗೆ ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ಹೈವೇ 'ದಿ ರೆಜ್ ಸಿಸ್ಟರ್ಸ್'ನಲ್ಲಿ ನಾನಬುಷ್‌ನನ್ನು ಗಂಡಾಗಿ ತಂದರು. 1989ರಲ್ಲಿ ಬಂದ ಮುಂದಿನ ನಾಟಕದಲ್ಲಿ ಅದೇ ನಾನಬುಷ್ ಹೆಣ್ಣು. ಇಂಗ್ಲಿಷಿನಲ್ಲಿ ಬರೆಯುವಾಗ ಪ್ರತಿ ಸಲ ಗಂಡೋ ಹೆಣ್ಣೋ ಎಂದು ಹೇಳಲೇಬೇಕು. ಆ ಕಟ್ಟು ಅವರಿಗೆ ಬೇಡವಾಗಿತ್ತು.

ಈಗ ಸ್ವಲ್ಪ ಕಷ್ಟದ ಭಾಗಕ್ಕೆ ಬರೋಣ. 'ಹಳೆಯ ಕತೆಯಿಂದ ಹೊಸ ನಾಟಕ' ಅಂದ ಕೂಡಲೇ ನಮಗೆ ಒಂದು ಚಿತ್ರ ಬರುತ್ತದೆ. ನಾಟಕಕಾರ ಜಾನಪದ ಕತೆಯೊಂದನ್ನು ಎತ್ತಿಕೊಳ್ಳುತ್ತಾನೆ, ತಿದ್ದುತ್ತಾನೆ, ಇಂದಿನ ಅರ್ಥ ತುಂಬುತ್ತಾನೆ, ರಂಗಕ್ಕೆ ತರುತ್ತಾನೆ. ಕತೆ ಎಲ್ಲರದ್ದೂ ಅಲ್ವಾ? ಅಲ್ಲಿ ಹಾಗಿಲ್ಲ.

ಒಜಿಬ್ವೆ ಭಾಷೆಯಲ್ಲಿ ಕತೆಗೆ ಎರಡು ಪದಗಳಿವೆ. ನಡೆದ ಸುದ್ದಿ, ಕಂಡ ಅನುಭವ, ಅಜ್ಜ ಹೇಳಿದ ಬೇಟೆಯ ಪ್ರಸಂಗ, ಇವೆಲ್ಲ 'ದಿಬಾಜಿಮೊವಿನ್'. ಇವನ್ನು ಯಾವಾಗ ಬೇಕಾದರೂ ಹೇಳಬಹುದು. ನಾನಬುಷ್‌ನಂಥವರ ಕತೆಗಳು 'ಆದಿಸೋಕಾನ್'. ಈ ಪದ ವ್ಯಾಕರಣದಲ್ಲಿ ಜೀವ ಇರುವ ಪದ. ಅಂದರೆ ಕತೆಯೇ ಒಂದು ಜೀವ. ಹಿರಿಯರು ಅವುಗಳನ್ನು ಅಜ್ಜಂದಿರು ಎಂದು ಕರೆಯುತ್ತಿದ್ದರು. ಕತೆ ಹೇಳುವುದೆಂದರೆ ಅವರನ್ನು ಮನೆಗೆ ಕರೆದಂತೆ. ಕರೆಯುವುದಕ್ಕೆ ಹೊತ್ತುಗೊತ್ತು ಇದೆ. ನೆಲದ ಮೇಲೆ ಹಿಮ ಬಿದ್ದ ಮೇಲೆ ಮಾತ್ರ, ಚಳಿಗಾಲದ ಉದ್ದ ರಾತ್ರಿಗಳಲ್ಲಿ ಮಾತ್ರ ಹೇಳಬೇಕು.

ಪಶ್ಚಿಮ ಕರಾವಳಿಯಲ್ಲಿ ನಿಯಮ ಇನ್ನೂ ಬಿಗಿ. ಕ್ವಾಕ್ವಾಕಾವಾಕ್ವ ಜನರಲ್ಲಿ ಒಂದು ಹಾಡು, ಒಂದು ಕುಣಿತ, ಒಂದು ಮುಖವಾಡ ಒಂದು ಮನೆತನದ ಆಸ್ತಿ. ಅದು ವಂಶದಲ್ಲಿ ಇಳಿದು ಬರುತ್ತದೆ. 'ಪಾಟ್‌ಲಾಚ್' ಎಂಬ ದೊಡ್ಡ ಕೂಟ ಕರೆದು, ಎಲ್ಲರೆದುರು ಅದನ್ನು ಆಡಿ ತೋರಿಸಿ, ಬಂದವರಿಗೆ ಉಡುಗೊರೆ ಕೊಡಬೇಕು. ಉಡುಗೊರೆ ಯಾಕೆ ಅಂದರೆ ಬಂದವರು ಸಾಕ್ಷಿಗಳು. ಈ ಹಾಡು ಇವರದ್ದು, ಈ ಹೆಸರು ಇವರಿಗೆ ಸಂದಿತು ಎಂದು ನಾಳೆ ಹೇಳಬೇಕಾದವರು ಅವರೇ. ನನಗೆ ಈ ಮಾತು ತುಂಬ ಮುಖ್ಯ ಅನ್ನಿಸುತ್ತದೆ. ಅಲ್ಲಿ ನೋಡುವವರು ನೋಡಿ ಎದ್ದು ಹೋಗುವವರಲ್ಲ. ಅವರ ಮೇಲೂ ಒಂದು ಹೊಣೆ ಇದೆ.

ನಮ್ಮಲ್ಲೂ ಇಂಥದ್ದು ಇದೆ. ಮಂಟೇಸ್ವಾಮಿಯ ಕತೆಯನ್ನು ಹಾಡುವವರು ದೀಕ್ಷೆ ಪಡೆದ ನೀಲಗಾರರು. ಮಾದಪ್ಪನ ಕತೆಗೆ ಕಂಸಾಳೆ ಹಿಡಿದ ದೇವರಗುಡ್ಡರು. ತುಳುನಾಡಿನಲ್ಲಿ ದೈವಕ್ಕೆ ಗಗ್ಗರ ಕಟ್ಟುವ ಹಕ್ಕು ಕೆಲವೇ ಸಮುದಾಯಗಳದ್ದು. ದೈವದ ವೇಷವನ್ನು ಯಾರೋ ಸಭೆಯ ವೇದಿಕೆಯಲ್ಲಿ ಹಾಕಿ ಕುಣಿದಾಗ ಅಲ್ಲಿನ ಜನ ಯಾಕೆ ನೊಂದುಕೊಳ್ಳುತ್ತಾರೆ ಎಂದು ಅರ್ಥವಾದರೆ, ಕೆನಡಾದ ಈ ನಾಟಕಕಾರರ ಮುಂದಿರುವ ಪ್ರಶ್ನೆಯೂ ಅರ್ಥವಾಗುತ್ತದೆ. ಕತೆಗೆ ಮನೆ ಇದೆ, ಕಾಲ ಇದೆ, ಹೇಳುವ ಬಾಯಿ ಇದೆ. ಅದನ್ನು ಟಿಕೆಟ್ ಮಾರುವ ರಂಗಮಂದಿರಕ್ಕೆ ತರುವುದು ಹೇಗೆ?

ಹಾಗಾದರೆ ತರಲೇಬೇಕಾದ ಅಗತ್ಯ ಏನಿತ್ತು? ಇದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ. 1884ರಲ್ಲಿ ಕೆನಡಾ ಸರ್ಕಾರ ಮೂಲನಿವಾಸಿಗಳಿಗೆಂದೇ ಮಾಡಿದ ಇಂಡಿಯನ್ ಆಕ್ಟ್ ಎಂಬ ಕಾನೂನಿಗೆ ತಿದ್ದುಪಡಿ ತಂದು ಪಾಟ್‌ಲಾಚ್ ಮಾಡುವುದನ್ನೇ ಅಪರಾಧ ಮಾಡಿತು. ಮುಂದಿನ ವರ್ಷಗಳಲ್ಲಿ ಬೇರೆ ಕುಣಿತಗಳನ್ನೂ ಇದರೊಳಗೆ ಸೇರಿಸಿದರು. 1921ರ ಡಿಸೆಂಬರಿನಲ್ಲಿ ವಿಲೇಜ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಡ್ಯಾನ್ ಕ್ರಾನ್ಮರ್ ಎಂಬುವರು ದೊಡ್ಡ ಪಾಟ್‌ಲಾಚ್ ಕರೆದರು. 45 ಜನರ ಮೇಲೆ ಕೇಸು ಬಿತ್ತು. ಹಾಡಿದ್ದು, ಕುಣಿದದ್ದು, ಭಾಷಣ ಮಾಡಿದ್ದು, ಉಡುಗೊರೆ ಹಂಚಿದ್ದು, ಇವೇ ಅಪರಾಧಗಳು. ಮುಖವಾಡಗಳನ್ನು ಒಪ್ಪಿಸಿದವರನ್ನು ಬಿಟ್ಟರು. ಸುಮಾರು ಇಪ್ಪತ್ತು ಜನ ಜೈಲಿಗೆ ಹೋದರು. ವಶಪಡಿಸಿಕೊಂಡ ಮುಖವಾಡಗಳು ಮ್ಯೂಸಿಯಂಗಳಿಗೆ, ಖಾಸಗಿ ಸಂಗ್ರಹಗಳಿಗೆ ಹೋದವು. ಹಲವು ದಶಕ ಕಳೆದ ಮೇಲೆ ಒಂದಷ್ಟು ವಾಪಸು ಬಂದವು. ಅವನ್ನು ಇಡಲು 1980ರಲ್ಲಿ ಅಲರ್ಟ್ ಬೇ ಎಂಬಲ್ಲಿ ಒಂದು ಕೇಂದ್ರ ತೆರೆದರು. ಅದರ ಹೆಸರು 'ಉಮಿಸ್ಟಾ'. ಹಿಂದೆ ಶತ್ರುಗಳು ಸೆರೆ ಹಿಡಿದೊಯ್ದವರು ಹೇಗೋ ಮನೆಗೆ ಮರಳಿದರೆ ಅವರಿಗೆ 'ಉಮಿಸ್ಟಾ' ಆಯಿತು ಅನ್ನುತ್ತಿದ್ದರಂತೆ. ಮುಖವಾಡಗಳಿಗೂ ಅದೇ ಪದ.

ಆ ನಿಷೇಧ ಕಾನೂನಿನಿಂದ ಹೋದದ್ದು 1951ರಲ್ಲಿ. ಅದೇ ವರ್ಷ ಉತ್ತರ ಮ್ಯಾನಿಟೋಬಾದ ಹಿಮದಲ್ಲಿ, ಒಂದು ಗುಡಾರದಲ್ಲಿ ಟಾಮ್ಸನ್ ಹೈವೇ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಬೇಟೆಗಾರ, ನಾಯಿಬಂಡಿ ಓಟದ ಗಟ್ಟಿಗ. ಆರನೇ ವಯಸ್ಸಿಗೆ ಹೈವೇಯನ್ನು ವಸತಿ ಶಾಲೆಗೆ ಕಳಿಸಿದರು.

ವಸತಿ ಶಾಲೆ ಅಂದರೆ ನಮ್ಮ ನವೋದಯ, ಮೊರಾರ್ಜಿ ಶಾಲೆಗಳ ಚಿತ್ರ ಕಣ್ಣಿಗೆ ತಂದುಕೊಳ್ಳಬೇಡಿ. ಸರ್ಕಾರದ ದುಡ್ಡಿನಲ್ಲಿ ಹೆಚ್ಚಾಗಿ ಚರ್ಚುಗಳು ನಡೆಸಿದ ಶಾಲೆಗಳು ಅವು. ಮಕ್ಕಳನ್ನು ಅಪ್ಪ ಅಮ್ಮನಿಂದ ದೂರ ಇಟ್ಟು ಅವರ ಭಾಷೆಯನ್ನೂ ನಡೆನುಡಿಯನ್ನೂ ಮರೆಸುವುದೇ ಗುರಿ. ಸ್ವಂತ ಭಾಷೆ ಆಡಿದರೆ ಹೊಡೆತ. 1,50,000ಕ್ಕೂ ಹೆಚ್ಚು ಮಕ್ಕಳು ಈ ಶಾಲೆಗಳ ಮೂಲಕ ಹಾದುಹೋದರು. ಸಾವಿರಾರು ಮಕ್ಕಳು ಮನೆಗೆ ಮರಳಲಿಲ್ಲ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಅಜ್ಜಿ ಕತೆ ಹೇಳಬೇಕಾದ ಚಳಿಗಾಲದ ರಾತ್ರಿಗಳಲ್ಲಿ ಮೊಮ್ಮಕ್ಕಳು ಮನೆಯಲ್ಲೇ ಇರಲಿಲ್ಲ. ಕತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ಸೇತುವೆ ಹೀಗೆ ಮುರಿಯಿತು. ಮುರಿದ ಸೇತುವೆಯ ಜಾಗದಲ್ಲಿ ಹಾಕಿಕೊಂಡ ಹಲಗೆ ರಂಗಭೂಮಿ.

ಇದೇ ಹೊತ್ತಿನಲ್ಲಿ ಮೂಲನಿವಾಸಿಗಳ ಬಗ್ಗೆ ಬೇರೆಯವರು ಬರೆದ ನಾಟಕಗಳು ಬರುತ್ತಿದ್ದವು. 1967ರಲ್ಲಿ ವ್ಯಾಂಕೂವರಿನಲ್ಲಿ ಜಾರ್ಜ್ ರೈಗ ಬರೆದ 'ದಿ ಎಕ್ಸ್ಟಸಿ ಆಫ್ ರೀಟಾ ಜೋ' ದೊಡ್ಡ ಹೆಸರು ಮಾಡಿತು. ಪಟ್ಟಣಕ್ಕೆ ಬಂದ ಮೂಲನಿವಾಸಿ ಹುಡುಗಿಯೊಬ್ಬಳ ದುರಂತ. ಕಳಕಳಿಯಿಂದ ಬರೆದ ನಾಟಕವೇ. ಆದರೆ ಹೊರಗಿನವರು ಬರೆದಾಗ ಸಾಮಾನ್ಯವಾಗಿ ನೋವು ಮಾತ್ರ ಕಾಣುತ್ತದೆ, ನಗು ಕಾಣುವುದಿಲ್ಲ. ಹೈವೇ ಬಂದಾಗ ಮೊದಲು ಕೇಳಿಸಿದ್ದು ನಗು. ಏಳು ಹೆಂಗಸರ ಜಗಳ, ಚೇಷ್ಟೆ, ಪೋಲಿ ಮಾತು. ಕ್ರೀ ನಗುವಿನ ಭಾಷೆ ಎಂದು ಅವರು ಇವತ್ತಿಗೂ ಹೇಳುತ್ತಲೇ ಇರುತ್ತಾರೆ.

ಆ ನಾಟಕದ ಹಿಂದೆ ಇದ್ದದ್ದು ನೇಟಿವ್ ಅರ್ಥ್ ಪರ್ಫಾರ್ಮಿಂಗ್ ಆರ್ಟ್ಸ್ ಎಂಬ ತಂಡ. 1982ರಲ್ಲಿ ಟೊರಾಂಟೊದಲ್ಲಿ ಶುರುವಾಯಿತು. ಹೈವೇ 1986ರಿಂದ 1992ರವರೆಗೆ ಅದನ್ನು ಮುನ್ನಡೆಸಿದರು. 1980ರ ದಶಕದ ಕೊನೆಯಲ್ಲಿ ಈ ತಂಡ ಒಂದು ಹಬ್ಬ ಶುರು ಮಾಡಿತು. ಹೆಸರು 'ವೀಸಾಗೇಚಾಕ್ ಬಿಗಿನ್ಸ್ ಟು ಡಾನ್ಸ್'. ವೀಸಾಗೇಚಾಕ್ ಕುಣಿಯಲು ಶುರು ಮಾಡುತ್ತಾನೆ, ಅಥವಾ ಮಾಡುತ್ತಾಳೆ. ಈಗಲೂ ನವೆಂಬರ್ ಹೊತ್ತಿಗೆ ಟೊರಾಂಟೊದಲ್ಲಿ ಇದು ನಡೆಯುತ್ತದೆ.

ಈ ಹಬ್ಬದ ವಿಶೇಷ ಏನೆಂದರೆ ಇಲ್ಲಿ ತೋರಿಸುವುದು ಮುಗಿದ ನಾಟಕಗಳನ್ನಲ್ಲ. ಬರೆಯುತ್ತಾ ಇರುವ ನಾಟಕಗಳನ್ನು. ನಾಟಕಕಾರರು ಕೆಲವು ದಿನ ನಟರ ಜೊತೆ, ನಿರ್ದೇಶಕರ ಜೊತೆ, ಬರಹ ತಿದ್ದಲು ನೆರವಾಗುವ ಅನುಭವಿಗಳ ಜೊತೆ ಕೂರುತ್ತಾರೆ. ಆಮೇಲೆ ನಟರು ಸ್ಕ್ರಿಪ್ಟ್ ಕೈಯಲ್ಲಿ ಹಿಡಿದೇ ಜನರ ಮುಂದೆ ಓದುತ್ತಾರೆ. ಸೆಟ್ ಇಲ್ಲ, ವೇಷಭೂಷಣ ಹೆಚ್ಚಾಗಿ ಇಲ್ಲ. ಓದಿದ ಮೇಲೆ ನಾಟಕ ಮತ್ತೆ ಮೇಜಿಗೆ ಹೋಗುತ್ತದೆ. ಯಾವ ಮಾತಿಗೆ ನಗು ಬಂತು, ಎಲ್ಲಿ ಸಭೆ ಮೌನವಾಯಿತು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಅದನ್ನೆಲ್ಲ ನೋಡಿಕೊಂಡು ಮತ್ತೆ ಬರೆಯುತ್ತಾರೆ.

ಬೇರೆ ರಂಗಭೂಮಿಗಳಲ್ಲೂ ಇಂಥ ಓದು ಇದೆ, ನಿಜ. ಆದರೆ ಇಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ. ಬಾಯಿಂದ ಬಾಯಿಗೆ ಬಂದ ಕತೆಗೆ 'ಕೊನೆಯ ಪ್ರತಿ' ಎಂಬುದು ಇರುವುದಿಲ್ಲ. ಹೇಳುವವರು ಎದುರಿಗಿರುವ ಮುಖ ನೋಡಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಮಗು ಕೂತಿದ್ದರೆ ಒಂದು ರೀತಿ, ಸಾವಿನ ಮನೆಯಾದರೆ ಒಂದು ರೀತಿ. ಅರ್ಧ ಬೆಂದ ನಾಟಕವನ್ನು ಜನರ ಮುಂದಿಡುವುದು ಅದೇ ಅಭ್ಯಾಸದ ಮುಂದುವರಿಕೆ. ಕೇಳುಗರು ಮತ್ತೆ ಸಾಕ್ಷಿಗಳಾಗುತ್ತಾರೆ. ಅವರ ನಡುವೆ ಆ ಸಮುದಾಯದ ಹಿರಿಯರು ಇದ್ದರೆ, ಈ ಭಾಗ ಇಲ್ಲಿ ಹೇಳುವಂಥದ್ದಲ್ಲ ಎಂದು ಹೇಳುವ ಅವಕಾಶವೂ ಇರುತ್ತದೆ.

ಹೀಗಾಗಿ ಈ ನಾಟಕಕಾರರಲ್ಲಿ ಬಹಳ ಜನ ಪವಿತ್ರ ಕತೆಯನ್ನು ಇದ್ದ ಹಾಗೆಯೇ ಎತ್ತಿ ರಂಗಕ್ಕೆ ತರುವುದಿಲ್ಲ. ಕತೆ ಹೇಳುವ ರೀತಿಯನ್ನು ತರುತ್ತಾರೆ. ಹೈವೇ ನಾಟಕದಲ್ಲೂ ನಾನಬುಷ್‌ನ ಹಳೆಯ ಪ್ರಸಂಗ ಒಂದೂ ನಡೆಯುವುದಿಲ್ಲ. ನಾನಬುಷ್ ಬರುತ್ತಾನೆ, ಬಿಂಗೋ ಹಾಲಿಗೆ. ಕತೆಯ ಜೀವ ಹೊಸ ಊರಿಗೆ ನಡೆದು ಬಂದ ಹಾಗೆ.

ರೀತಿಯನ್ನು ತರುವುದು ಅಂದರೆ ಏನೆಂದು ಚೆನ್ನಾಗಿ ಕಾಣಬೇಕಾದರೆ ಸ್ಪೈಡರ್‌ವುಮನ್ ಥಿಯೇಟರ್ ನೋಡಬೇಕು. ಇದು ಗಡಿಯ ಆಚೆ, ನ್ಯೂಯಾರ್ಕಿನದ್ದು. 1976ರಲ್ಲಿ ಮ್ಯೂರಿಯಲ್ ಮಿಗೆಲ್ ಮತ್ತು ಅವರ ಅಕ್ಕಂದಿರು ಕಟ್ಟಿದ ತಂಡ. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಕತೆಗಳಲ್ಲಿ ಮನುಷ್ಯರಿಗೆ ನೇಯುವುದನ್ನು ಕಲಿಸಿದ ಜೇಡರ ತಾಯಿ ಇದ್ದಾಳೆ. ಅವಳ ಹೆಸರೇ ತಂಡಕ್ಕೆ. ಇವರ ವಿಧಾನದ ಹೆಸರು ಕತೆ ನೇಯ್ಗೆ. ಒಬ್ಬೊಬ್ಬ ನಟಿಯೂ ತನ್ನ ಬದುಕಿನ ಒಂದು ಕತೆ ತರುತ್ತಾಳೆ. ಒಬ್ಬಳ ಮಾತಿನ ಮೇಲೆ ಇನ್ನೊಬ್ಬಳ ಹಾಡು, ಅದರ ಮೇಲೆ ಮತ್ತೊಬ್ಬಳ ಚಲನೆ. ಆದಿ, ಮಧ್ಯ, ಅಂತ್ಯ ಎಂದು ನೇರ ಹೋಗುವುದಿಲ್ಲ. ಬಟ್ಟೆಯ ನೂಲಿನ ಹಾಗೆ ಒಂದರ ಕೆಳಗೆ ಒಂದು ಹೋಗಿ ಮತ್ತೆ ಮೇಲೆ ಬರುತ್ತದೆ.

ಆ ಅಕ್ಕಂದಿರಲ್ಲಿ ಒಬ್ಬರ ಮಗಳು ಮೋನಿಕ್ ಮೊಹಿಕಾ. ಟೊರಾಂಟೊದಲ್ಲಿ ಬಹುಕಾಲ ಕೆಲಸ ಮಾಡಿದ ನಟಿ, ನಾಟಕಕಾರ್ತಿ. ಅವರ ತಾಯಿಯ ಕಡೆಯ ಬೇರು ಪನಾಮಾದ ಗುನಾ ಜನರಲ್ಲಿದೆ. ಗುನಾ ಹೆಂಗಸರು 'ಮೋಲಾ' ಎಂಬ ಬಟ್ಟೆ ಹೊಲಿಯುತ್ತಾರೆ. ನಮ್ಮ ಕೌದಿಯಲ್ಲಿ ತುಂಡುಗಳನ್ನು ಮೇಲೆ ಸೇರಿಸುತ್ತಾ ಹೋಗುತ್ತೇವೆ. ಮೋಲಾದಲ್ಲಿ ಹಲವು ಬಣ್ಣದ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಕತ್ತರಿಸಿ ಅಂಚು ಮಡಿಚಿ ಹೊಲಿಯುತ್ತಾರೆ. ಆಗ ಕೆಳಗಿನ ಬಣ್ಣ ಕಾಣುತ್ತದೆ. 'ಚಾಕೊಲೇಟ್ ವುಮನ್ ಡ್ರೀಮ್ಸ್ ದಿ ಮಿಲ್ಕಿ ವೇ' ಎಂಬ ನಾಟಕ ಕಟ್ಟುವಾಗ ಮೊಹಿಕಾ ಈ ಬಟ್ಟೆಯನ್ನೇ ನಾಟಕದ ವ್ಯಾಕರಣ ಮಾಡಿಕೊಂಡರು. ಪದರ ಪದರ. ಮೇಲಿನ ಕತೆಯನ್ನು ಕತ್ತರಿಸಿದಾಗ ಕೆಳಗಿನ ಕತೆ ಕಾಣಬೇಕು. ಪಾಶ್ಚಾತ್ಯ ನಾಟಕದ ಅಂಕ, ದೃಶ್ಯ, ಸಂಘರ್ಷ, ಪರಿಹಾರ ಎಂಬ ಚೌಕಟ್ಟಿಗೆ ಬದಲಾಗಿ ತನ್ನ ಅಜ್ಜಿಯರ ಸೂಜಿಯಿಂದ ಒಂದು ಚೌಕಟ್ಟು. ನನಗೆ ಈ ಇಡೀ ಚಳವಳಿಯಲ್ಲಿ ಅತಿ ಧೈರ್ಯದ ಕೆಲಸ ಇದೇ ಅನ್ನಿಸುತ್ತದೆ.

ಇನ್ನು ನಾಟಕಕಾರ ಕೆವಿನ್ ಲೋರಿಂಗ್ ಹಿಡಿದದ್ದು ಒಂದು ಊರಿನ ಹೆಸರು. ಅವರು ಕೆನಡಾದ ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲಿಟ್ಟನ್‌ನವರು, ನ್ಲಾಕಾಪಮು ಜನ. ಕೆಸರು ಬಣ್ಣದ ಫ್ರೇಸರ್ ನದಿಗೆ ತಿಳಿನೀಲಿ ಥಾಮ್ಸನ್ ನದಿ ಸೇರುವ ಜಾಗ ಅದು. ಆ ಜಾಗದ ಮೂಲ ಹೆಸರು ಕುಮ್‌ಶೀನ್. ಬಹುಕಾಲ ಅದರ ಅರ್ಥ 'ನದಿಗಳು ಕೂಡುವಲ್ಲಿ' ಎಂದೇ ಹೇಳುತ್ತಿದ್ದರು. ಆದರೆ ಸರಿಯಾದ ಅರ್ಥ 'ಎದೆಯೊಳಗೆ ರಕ್ತ ಬೆರೆಯುವ ಜಾಗ' ಎಂದು ಲೋರಿಂಗ್ ಹೇಳುತ್ತಾರೆ. ಅದನ್ನೇ ನಾಟಕದ ಹೆಸರು ಮಾಡಿದರು: 'ವೇರ್ ದಿ ಬ್ಲಡ್ ಮಿಕ್ಸಸ್'. ವಸತಿ ಶಾಲೆಯಲ್ಲಿ ಬೆಳೆದ ಒಬ್ಬ ತಂದೆ, ಅವನಿಂದ ಸರ್ಕಾರ ಬೇರೆ ಮಾಡಿದ ಮಗಳು, ಎಷ್ಟೋ ವರ್ಷದ ಮೇಲೆ ಇಬ್ಬರ ಭೇಟಿ. ಎರಡು ಬಣ್ಣದ ನೀರು ಸೇರುವ ಹಾಗೆ. 2009ರಲ್ಲಿ ಇದಕ್ಕೆ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಬಂತು. ಊರಿನ ಹೆಸರಿನಲ್ಲಿ ಕತೆ ಬದುಕಿರುತ್ತದೆ ಎಂಬ ಮಾತಿಗೆ ಇನ್ನೊಂದು ಅರ್ಥವೂ ಮುಂದೆ ಬಂತು. 2021ರ ಜೂನ್ ಕೊನೆಯಲ್ಲಿ ಲಿಟ್ಟನ್‌ನಲ್ಲಿ 49.6 ಡಿಗ್ರಿ ಬಿಸಿಲು ದಾಖಲಾಯಿತು. ಮರುದಿನವೇ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು.

ಅಷ್ಟು ಹೊತ್ತಿಗೆ ಲೋರಿಂಗ್ ಇನ್ನೊಂದು ಕೆಲಸದಲ್ಲಿದ್ದರು. ಒಟ್ಟಾವಾದ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಇಂಗ್ಲಿಷ್ ರಂಗ ವಿಭಾಗ, ಫ್ರೆಂಚ್ ರಂಗ ವಿಭಾಗ ಎಂದು ಎರಡೇ ಇದ್ದವು. 2019ರಲ್ಲಿ ಮೂರನೆಯದಾಗಿ ಮೂಲನಿವಾಸಿ ರಂಗ ವಿಭಾಗ ಪ್ರದರ್ಶನ ಶುರು ಮಾಡಿತು. ಮೊದಲ ನಿರ್ದೇಶಕ ಲೋರಿಂಗ್. ಮೊದಲ ನಾಟಕ ಮೆಟಿ ನಾಟಕಕಾರ್ತಿ ಮರೀ ಕ್ಲೆಮೆಂಟ್ಸ್ ಬರೆದದ್ದು. ವ್ಯಾಂಕೂವರಿನ ಬಡ ಬೀದಿಗಳಲ್ಲಿ ಒಬ್ಬ ಕ್ಷೌರಿಕನ ಕೈಯಲ್ಲಿ ಸತ್ತ ಹೆಂಗಸರ ಕತೆ. ಸತ್ತವರು ಅದರಲ್ಲಿ ಮತ್ತೆ ಎದ್ದು ಬಂದು ಮಾತಾಡುತ್ತಾರೆ, ಹಾಡುತ್ತಾರೆ. ಅದನ್ನು ನಿರ್ದೇಶಿಸಿದವರು ಸ್ಪೈಡರ್‌ವುಮನ್‌ನ ಮ್ಯೂರಿಯಲ್ ಮಿಗೆಲ್.

ಯಾರ ಕತೆಯನ್ನು ಯಾರು ಹೇಳಬೇಕು ಎಂಬ ಪ್ರಶ್ನೆ ಇದಕ್ಕೆ ಒಂದು ವರ್ಷ ಮೊದಲು ದೊಡ್ಡ ಜಗಳವಾಗಿತ್ತು. 2018ರಲ್ಲಿ ಕ್ಯುಬೆಕ್‌ನ ಹೆಸರಾಂತ ನಿರ್ದೇಶಕ ರೋಬೇರ್ ಲೆಪಾಜ್ ಪ್ಯಾರಿಸ್ಸಿನ ಒಂದು ತಂಡದ ಜೊತೆ 'ಕನಾಟಾ' ಎಂಬ ನಾಟಕ ಸಿದ್ಧಪಡಿಸುತ್ತಿದ್ದರು. ಬಿಳಿಯರಿಗೂ ಮೂಲನಿವಾಸಿಗಳಿಗೂ ಇರುವ ಸಂಬಂಧದ ಇತಿಹಾಸ. ಆದರೆ ತಂಡದಲ್ಲಿ ಕೆನಡಾದ ಮೂಲನಿವಾಸಿ ನಟ ಒಬ್ಬರೂ ಇರಲಿಲ್ಲ. ಜುಲೈನಲ್ಲಿ ಮೂಲನಿವಾಸಿ ಕಲಾವಿದರು ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ನಮ್ಮನ್ನು ಬಿಟ್ಟು ನಮ್ಮ ಕತೆ ಹೇಳುತ್ತೀರಾ ಎಂಬುದು ಅದರ ತಿರುಳು. ದುಡ್ಡು ಹಾಕಬೇಕಿದ್ದ ಉತ್ತರ ಅಮೆರಿಕದ ಪಾಲುದಾರರು ಹಿಂದೆ ಸರಿದರು. ಡಿಸೆಂಬರಿನಲ್ಲಿ ಬೇರೆ ರೂಪದಲ್ಲಿ ಅದು ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಯಿತು.

ಕಲಾವಿದನ ಸ್ವಾತಂತ್ರ್ಯಕ್ಕೆ ಕಡಿವಾಣ ಎಂದು ಹಲವರು ಲೆಪಾಜ್ ಪರ ನಿಂತರು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹೈವೇ ಅವರೇ ಬಹಳ ಹಿಂದೆ, ಮೂಲನಿವಾಸಿ ಪಾತ್ರಗಳನ್ನು ಮೂಲನಿವಾಸಿ ನಟರೇ ಮಾಡಬೇಕು ಎಂಬ ನಿಯಮ ತನ್ನ ನಾಟಕಗಳನ್ನೇ ಕೊಲ್ಲುತ್ತಿದೆ ಎಂದು ಬರೆದಿದ್ದರು. ಅಂಥ ನಟರು ಸಿಗುವುದಿಲ್ಲ ಎಂದು ಹೆದರಿ ತಂಡಗಳು ನಾಟಕವನ್ನೇ ಕೈಬಿಡುತ್ತಿದ್ದವು. ಆದರೆ ಎರಡರ ನಡುವೆ ವ್ಯತ್ಯಾಸ ಇದೆ. ಹೈವೇ ನಾಟಕದಲ್ಲಿ ಕತೆ ಮನೆಯವರ ಬಾಯಿಂದ ಬಂದಿದೆ, ಆಡುವವರು ಯಾರಾದರೂ ಆಗಬಹುದು. 'ಕನಾಟಾ'ದಲ್ಲಿ ಕತೆ ಹೆಣೆಯುವ ಹಕ್ಕೇ ಮನೆಯ ಹೊರಗೆ ಇತ್ತು. ಒಂದು ಕಾಲಕ್ಕೆ ಸ್ವಂತ ಹಾಡು ಹಾಡಿದ್ದಕ್ಕೆ ಜೈಲಿಗೆ ಹೋದವರ ಮೊಮ್ಮಕ್ಕಳು ಕೇಳುವ ಪ್ರಶ್ನೆ ಇದು. ಆ ಇತಿಹಾಸ ಬಿಟ್ಟು ಇದನ್ನು ಬರೀ ಸ್ವಾತಂತ್ರ್ಯದ ಚರ್ಚೆ ಮಾಡಿದರೆ ನ್ಯಾಯ ಆಗುವುದಿಲ್ಲ.

ಭಾಷೆಯ ಮಾತು ಉಳಿಯಿತು. ಈ ನಾಟಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ನಡುನಡುವೆ ಕ್ರೀ, ಒಜಿಬ್ವೆ ಮಾತುಗಳು ಬರುತ್ತವೆ. ಪೂರ್ತಿ ಸ್ವಂತ ಭಾಷೆಯಲ್ಲಿ ಬರೆದರೆ ಆಡುವ ನಟರು ಎಷ್ಟು ಜನ ಸಿಗುತ್ತಾರೆ, ಕೇಳಿ ಅರ್ಥ ಮಾಡಿಕೊಳ್ಳುವವರು ಎಷ್ಟು ಜನ? ವಸತಿ ಶಾಲೆಗಳು ಮಾಡಿದ ಗಾಯ ಇಲ್ಲಿ ನೇರವಾಗಿ ಕಾಣುತ್ತದೆ. ಆದರೂ 2010ರಲ್ಲಿ ಹೈವೇ 'ದಿ ರೆಜ್ ಸಿಸ್ಟರ್ಸ್' ನಾಟಕವನ್ನು ಕ್ರೀ ಭಾಷೆಯಲ್ಲಿ ಪ್ರಕಟಿಸಿದರು. ಇದೇ ಮೂಲ ಎಂದರು. ಅದರ ಹೆಸರು 'ಇಸ್ಕೂನಿಗನಿ ಇಸ್ಕ್ವೇವುಕ್'. ಇಸ್ಕ್ವೇವುಕ್ ಅಂದರೆ ಹೆಂಗಸರು. ಮೊದಲ ಪದ ರಿಸರ್ವ್‌ಗೆ ಕ್ರೀ ಜನ ಇಟ್ಟುಕೊಂಡ ಹೆಸರು. ಅದರ ಮೂಲ ಅರ್ಥ 'ಮಿಕ್ಕಿದ್ದು'. ಎಲ್ಲರೂ ತಿಂದು ಎದ್ದ ಮೇಲೆ ತಟ್ಟೆಯಲ್ಲಿ ಉಳಿಯುವುದು. ಇಂಗ್ಲಿಷಿನಲ್ಲಿ 'ರಿಸರ್ವ್' ಅಂದಾಗ ಕಾದಿರಿಸಿದ್ದು ಎಂಬ ಮರ್ಯಾದೆಯ ಅರ್ಥ ಬರುತ್ತದೆ. ಕ್ರೀ ಭಾಷೆ ಮುಚ್ಚುಮರೆ ಇಲ್ಲದೆ ಹೇಳುತ್ತದೆ: ಇಡೀ ನೆಲ ತೆಗೆದುಕೊಂಡ ಮೇಲೆ ನಮಗೆ ಬಿಟ್ಟದ್ದು ಇದು.

ಆ ಮಿಕ್ಕ ನೆಲಕ್ಕೇ ನಾಟಕದ ಕೊನೆಯಲ್ಲಿ ಹೆಂಗಸರು ವಾಪಸು ಬರುತ್ತಾರೆ. ದೊಡ್ಡ ಬಹುಮಾನ ಯಾರಿಗೂ ಬಂದಿಲ್ಲ. ಮರಿ-ಅಡೆಲ್‌ಳನ್ನು ಮಣ್ಣು ಮಾಡಿದ್ದಾರೆ. ಪೆಲಾಜಿಯಾ ಮತ್ತೆ ಸೂರು ಹತ್ತಿ ಸುತ್ತಿಗೆ ಹಿಡಿಯುತ್ತಾಳೆ. ಬಿಳಿ ಕಡಲಹಕ್ಕಿ ಅವಳ ಬೆನ್ನ ಹಿಂದೆ ಬಂದು ಇಳಿಯುತ್ತದೆ. ಅವಳು ನೋಡುವುದಿಲ್ಲ, ಮೊಳೆ ಹೊಡೆಯುತ್ತಲೇ ಇರುತ್ತಾಳೆ. ಸುತ್ತಿಗೆಯ ಪೆಟ್ಟಿನ ತಾಳಕ್ಕೆ ನಾನಬುಷ್ ಕುಣಿಯಲು ಶುರು ಮಾಡುತ್ತಾನೆ.